ಜೇನು ಪೆಟ್ಟಿಗೆಗೆ ಒಗ್ಗದ ಸ್ಪ್ರಿಂಗು

ಶಿರಸಿಯ ನನ್ನ ಗ್ಯಾರೇಜಿಗೆ ಬರುವ ಕಾರುಗಳ ಹಿಂಬಾಗಿಲು ತೆರೆದರೆ ಸಾಮಾನ್ಯವಾಗಿ ಗೋಣಿಚೀಲದ ಧೂಳೋ ಒದ್ದೆ ರಗ್ಗಿನ ಮುಗ್ಗಲೋ ಮೂಗಿಗೆ ಬಡಿಯುತ್ತದೆ. ಆ ದಿನ ಬಂದ ಸಣ್ಣ ಕಾರಿನಿಂದ ಬಂದದ್ದು ಜೇನುತುಪ್ಪದ ವಾಸನೆ, ಅದೂ ಹುಳಿಯಾಗಲು ಶುರುವಾದ ತುಪ್ಪದ್ದು. ಕೆಳಗೆ ಹಾಸಿದ್ದ ಹಾಸಿನ ತುಂಬ ಅಂಟು, ಅಂಟಿನ ತುಂಬ ಸತ್ತ ಹುಳಗಳು. ನನಗೆ ಜೇನುಹುಳವೆಂದರೆ ಸಣ್ಣಂದಿನಿಂದ ಭಯ. ಸತ್ತಿವೆ ಎಂದು ಕಣ್ಣಿಗೆ ಕಾಣುತ್ತಿದ್ದರೂ ಹಿಂದಕ್ಕೆ ಸರಿದುಬಿಟ್ಟೆ.

"ಹೆದ್ರಡ ತಮಾ, ಸತ್ತ ಹುಳ ಕಚ್ತಿಲ್ಲೆ," ಎಂದರು ಕಾರು ತಂದವರು.

ಸಿದ್ದಾಪುರದ ಬಿಳಗಿ ಕಡೆಯವರು. ಐವತ್ತರ ಆಸುಪಾಸಿನ ಹೆಂಗಸು, ಜೇನು ಸಾಕಣೆಯೇ ಕಸುಬು. ಇಬ್ಬರ ಮನೆಮಾತೂ ಒಂದೇ ಆದ್ದರಿಂದ ನಾನು ಅಕ್ಕ ಎಂದೆ, ಅವರು ತಮ್ಮ ಎಂದರು, ಪರಿಚಯ ಅಷ್ಟರಲ್ಲೇ ಮುಗಿಯಿತು. ಕಾರು ಅವರ ಒಡಹುಟ್ಟಿದ ತಮ್ಮನದು. ಅವನು ಹುಬ್ಬಳ್ಳಿಯಲ್ಲಿದ್ದಾಗ ಶೋಕಿಗೆಂದು ಕಂಪನಿಯ ಸ್ಪ್ರಿಂಗು, ಶಾಕ್ ಎಲ್ಲ ತೆಗೆಸಿ ಕಾಯಿಲ್‌ಓವರ್ ಹಾಕಿಸಿದ್ದ. ಅದರ ಶಾಕಿನ ಮೈಗೆ ಬೋಲ್ಟಿಗಿರುವಂಥ ಸುರುಳಿ ಗೀರು ಇರುತ್ತದೆ, ಅದರ ಮೇಲಿನ ಕಾಲರ್ ಎಂಬ ಬಳೆಯನ್ನು ತಿರುಗಿಸಿ ಕಾರನ್ನು ಬೇಕಾದಷ್ಟು ಎತ್ತಬಹುದು, ಇಳಿಸಬಹುದು. ಅವನು ನೆಲಕ್ಕೆ ತಾಗುವಷ್ಟು ಇಳಿಸಿ ಓಡಿಸಿದ್ದ. ಈಗ ಹೊಸ ಗಾಡಿ ಕೊಂಡು ಇದನ್ನು ಅಕ್ಕನಿಗೆ ದಾಟಿಸಿದ್ದ. ತೆಗೆದ ಹಳೆಯ ಸಾಮಾನು ಆಗಲೇ ಯಾರಿಗೋ ಮಾರಿಯಾಗಿತ್ತು.

ಆ ವರ್ಷ ಹೂವಿನ ಹೊತ್ತಿಗೆ ಬಿಳಗಿ ಕಡೆ ಅಕಾಲದ ಮಳೆ ಬಿದ್ದು ಹೂವೆಲ್ಲ ಉದುರಿತ್ತು. ಅರಬೈಲ್ ಘಟ್ಟದ ಕೆಳಗೆ ಅಕ್ಕನ ಗುರ್ತದವರ ಜಾಗವಿತ್ತು, ಅಲ್ಲಿ ನೇರಳೆ ಬಿರಿಯತೊಡಗಿತ್ತು. ತಮ್ಮ ಏಳು ಜೇನು ಕುಟುಂಬಗಳಲ್ಲಿ ಮೂರನ್ನು ಈ ಕಾರಿನಲ್ಲಿ ಅಲ್ಲಿಗೆ ಒಯ್ದಿದ್ದರು. ಇಳಿಸಿ ನೋಡಿದರೆ ತುಪ್ಪ ತುಂಬಿದ ಮೇಣದ ಎರಿಗಳೆಲ್ಲ ಚೌಕಟ್ಟಿನಿಂದ ಕಳಚಿ ಬಿದ್ದು, ಹುಳಗಳು ತಮ್ಮದೇ ತುಪ್ಪದಲ್ಲಿ ಮುಳುಗಿ ಸತ್ತಿದ್ದವು. ಒಂದು ಪೆಟ್ಟಿಗೆಯಲ್ಲಿ ರಾಣಿ ಎರಿಯಡಿ ಸಿಕ್ಕಿ ಜಜ್ಜಿಹೋಗಿತ್ತು. ಉಳಿದೆರಡರ ರಾಣಿ ಎಲ್ಲಿ ಹೋಯಿತೋ ತಿಳಿಯಲೇ ಇಲ್ಲ.

"ಮೊದ್ಲು ಬಾಡಿಗೆ ಜೀಪಿನವ ಒಯ್ತಿದ್ದ," ಎಂದರು. "ಅವಂಗೆ ಒಂದ್ಸಲ ಕಿವಿಗೆ ಕಚ್ಚಿತು. ಈಗ ಯನ್ನ ನಂಬರ್ ನೋಡಿದ್ರೆ ಫೋನೇ ತೆಗೀತ್ನಿಲ್ಲೆ. ನಾಲ್ಕು ಕುಟುಂಬ ಉಳದ್ದು ತಮಾ. ಅಲ್ಲೇ ಇಟ್ರೆ ಹಸಿವಿಗೆ ಪೆಟ್ಟಿಗೆ ಬಿಟ್ಟು ಹಾರಿ ಹೋಗ್ತು. ಒಯ್ದ್ರೆ ಹೀಂಗೆ. ಅದೂ ಹೋದ್ರೆ ಯನ್ನ ಜೇನು ಸಾಕಣೆ ಮುಗ್ದಾಂಗೆ."

ಅಳುವಿನ ದನಿಯಲ್ಲ, ಜಗಳದ ದನಿ. ನನಗೆ ಆ ದನಿಯೇ ಒಳಗೆ ಹೊಕ್ಕಿತು. ನಾಳೆ ಸಂಜೆಗೆ ಕೊಡುತ್ತೇನೆ ಎಂದುಬಿಟ್ಟೆ. ಹಾಗೆ ಹೇಳುವುದು ನನ್ನ ರೋಗ. ಗಾಡಿ ಕೆಲಸಕ್ಕೆ ನಿಂತರೆ ನನಗೆ ಕೂರಲಾಗುವುದಿಲ್ಲ, ಊಟಕ್ಕೆ ಹೋದವನು ಅರ್ಧಕ್ಕೆ ಎದ್ದು ಬರುತ್ತೇನೆ.

ಜಾಕ್ ಏರಿಸಿ ಚಕ್ರ ಬಿಚ್ಚಿದೆ. ಮುಂದೆ ಶಾಕಿನ ಮೈಸುತ್ತ ಸ್ಪ್ರಿಂಗು. ಹಿಂದೆ ಈ ಕಾರಿಗೆ ಸ್ಪ್ರಿಂಗು ಬೇರೆ, ಶಾಕ್ ಬೇರೆ. ಹಿಂದಿನ ಸ್ಪ್ರಿಂಗಿನ ಮೇಲೆ ಆರು ಎಂದು ಅಚ್ಚೊತ್ತಿತ್ತು. ಅಂದರೆ ಅದನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಆರು ಕಿಲೋ ಭಾರ ಬೇಕು. ಇಂಥ ಸಣ್ಣ ಕಾರಿಗೆ ಕಂಪನಿಯವರು ಹಾಕುವುದು ಹೆಚ್ಚುಕಡಿಮೆ ಅದರ ಮೂರನೇ ಒಂದರಷ್ಟು ಗಟ್ಟಿಯದು. ಇನ್ನು ಎತ್ತರ ನೋಡಿದರೆ ಚಕ್ರಕ್ಕೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುತ್ತಿರಲಿಲ್ಲ. ನಾನು ಯೋಚಿಸಲು ಹೋಗಲೇ ಇಲ್ಲ, ಸ್ಪ್ಯಾನರ್ ಹಿಡಿದು ನಾಲ್ಕೂ ಕಡೆ ಕಾಲರ್ ತಿರುಗಿಸಿ ಕಾರನ್ನು ಎತ್ತಿದೆ.

ಇದು ನಮ್ಮ ಕಡೆಯ ಗ್ಯಾರೇಜಿನವರಷ್ಟೇ ಮಾಡುವ ತಪ್ಪು. ಇಲ್ಲಿ ರಸ್ತೆಯಿಂದ ಮನೆಯಂಗಳಕ್ಕೆ ಇಳಿಯುವ ದಾರಿಗಳ ನಡುವೆ ಮಣ್ಣಿನ ದಿಣ್ಣೆ ಎದ್ದಿರುತ್ತದೆ, ಕಾರಿನ ಹೊಟ್ಟೆ ಕೆರೆಯುತ್ತದೆ. ಬಂದವರೆಲ್ಲ ಕೇಳುವುದು ಒಂದೇ, ಸ್ವಲ್ಪ ಎತ್ತಿಕೊಡಿ ಎಂದು. ಕೇಳಿ ಕೇಳಿ ಕೈಗೆ ಅದೇ ಅಭ್ಯಾಸ. ಕೆಳಗಿದ್ದ ಗಾಡಿ ಕಂಡರೆ ಸಾಕು, ಕೈ ತನ್ನಷ್ಟಕ್ಕೆ ಎತ್ತುತ್ತದೆ.

ಎತ್ತಿದ ಮೇಲೆ ಯಲ್ಲಾಪುರ ರಸ್ತೆಯಲ್ಲಿ ಓಡಿಸಿ ನೋಡಿದೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ತಿರುವಿನಲ್ಲಿ ಕಾರು ಒಂದಿಷ್ಟೂ ವಾಲುತ್ತಿರಲಿಲ್ಲ. ಸ್ಟಿಯರಿಂಗ್ ಮುಟ್ಟಿದರೆ ತಿರುಗುತ್ತಿತ್ತು, ಬ್ರೇಕ್ ಹಾಕಿದರೆ ಮೂಗು ತಗ್ಗಿಸುತ್ತಿರಲಿಲ್ಲ. ಶೋಕಿ ತಮ್ಮನ ಬಗ್ಗೆ ಒಂದು ಕ್ಷಣ ಗೌರವವೂ ಹುಟ್ಟಿತು. ಕುಲುಕಾಟ ಇತ್ತು, ಆದರೆ ಸೀಟಿನ ಮೆತ್ತೆ ನನ್ನ ಬೆನ್ನನ್ನು ಕಾಯುತ್ತಿತ್ತು.

ಅಕ್ಕ ಪರೀಕ್ಷೆಗೆಂದು ಹುಳವಿಲ್ಲದ ಒಂದು ಪೆಟ್ಟಿಗೆ ತಂದಿದ್ದರು. ಒಳಗೆ ಚೌಕಟ್ಟುಗಳಲ್ಲಿ ಹಳೆಯ ಎರಿ, ಎರಿಯ ಕಣ್ಣುಗಳಿಗೆ ಸಕ್ಕರೆ ಪಾಕ. ಅದನ್ನು ಹಿಂದೆ ಇಟ್ಟುಕೊಂಡು ತಾವೇ ಕಾರು ತೆಗೆದುಕೊಂಡು ಹೋದರು. ಹೋದಷ್ಟೇ ಬೇಗ ತಿರುಗಿ ಬಂದು ಪೆಟ್ಟಿಗೆಯ ಮುಚ್ಚಳ ತೆಗೆದು ನನ್ನೆದುರು ಹಿಡಿದರು. ಎರಿಗಳು ತಳದಲ್ಲಿ ಪುಡಿಯಾಗಿ ಬಿದ್ದಿದ್ದವು.

"ಎಂತ ಮಾಡಿಟ್ಟಿದ್ದೆ ಮಾರಾಯ? ಮೊದ್ಲಿಗಿಂತ ಜೋರು ಕುಟ್ತು!"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಆದರೆ ಒಪ್ಪಿಕೊಳ್ಳಲು ಮನಸ್ಸಿಲ್ಲ. "ಅಕ್ಕಾ, ಆನು ಓಡಿಸಿ ನೋಡಿದ್ದೆ. ಅಷ್ಟೆಲ್ಲ ಕುಟ್ತಿಲ್ಲೆ," ಎಂದೆ.

"ನೀ ಮುಂದೆ ಕೂತು ನೋಡಿದ್ರೆ ಎಂತ ಗೊತ್ತಾಗ್ತು? ಪೆಟ್ಟಿಗೆ ಇಪ್ಪದು ಹಿಂದೆ. ನೀನೂ ಹಿಂದೆ ಕೂತ್ಗ, ಆನು ಓಡಿಸ್ತೆ."

ಇಷ್ಟು ಕಾರುಗಳ ಕೆಲಸ ಮಾಡಿದ್ದೇನೆ, ಒಂದರಲ್ಲೂ ಡಿಕ್ಕಿಯಲ್ಲಿ ಕೂತು ಪರೀಕ್ಷಿಸಿರಲಿಲ್ಲ. ಮಂಡಿ ಮಡಚಿ, ಪೆಟ್ಟಿಗೆ ಇದ್ದ ಜಾಗದಲ್ಲಿ, ಹಿಂದಿನ ಚಕ್ರಗಳ ಸರಿಮೇಲೆ ಕೂತೆ. ಊರು ದಾಟುವುದರೊಳಗೆ ನಾಲಗೆ ಕಚ್ಚಿಕೊಂಡೆ. ನಿಲ್ಲಿಸಿ ಎಂದು ಕೂಗಬೇಕು ಎನ್ನುವಷ್ಟರಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಕಾರು ಉಬ್ಬು ಹತ್ತುವಾಗ ಏಟು ಬೀಳುತ್ತಿತ್ತು, ಸರಿಯೇ. ಆದರೆ ಅದಕ್ಕಿಂತ ಕೆಟ್ಟ ಏಟು ಗುಂಡಿ ಬಂದಾಗ, ಚಕ್ರ ಕೆಳಗಿಳಿಯಬೇಕಾದ ಹೊತ್ತಿನಲ್ಲಿ. ಟಕ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು, ಮರುಕ್ಷಣ ಇಡೀ ಹಿಂಭಾಗ ಧೊಪ್ಪನೆ ಬೀಳುತ್ತಿತ್ತು.

ಅಲ್ಲಿಯವರೆಗೆ ನಾನು ಸ್ಪ್ರಿಂಗು ಎಷ್ಟು ಕುಗ್ಗುತ್ತದೆ ಎಂದಷ್ಟೇ ನೋಡುತ್ತಿದ್ದೆ. ಎಷ್ಟು ಹಿಗ್ಗುತ್ತದೆ ಎಂದು ನೋಡಿರಲಿಲ್ಲ. ಕಂಪನಿಯ ಮೆತ್ತಗಿನ ಸ್ಪ್ರಿಂಗು ಖಾಲಿ ಕಾರಿನ ಭಾರಕ್ಕೇ ಮೂರು ನಾಲ್ಕು ಬೆರಳಗಲ ಕುಗ್ಗಿ ಕೂತಿರುತ್ತದೆ. ಗುಂಡಿ ಬಂದಾಗ ಅಷ್ಟನ್ನೂ ಹಿಗ್ಗಿ ಚಕ್ರವನ್ನು ನೆಲಕ್ಕೆ ಒತ್ತುತ್ತದೆ, ಮೇಲಿನ ಕಾರಿಗೆ ಸುದ್ದಿಯೇ ತಿಳಿಯುವುದಿಲ್ಲ. ಈ ಗಟ್ಟಿ ಸ್ಪ್ರಿಂಗು ಅದೇ ಭಾರಕ್ಕೆ ಒಂದು ಒಂದೂವರೆ ಬೆರಳು ಕುಗ್ಗಿದರೆ ಹೆಚ್ಚು. ಹಿಗ್ಗಲು ಉಳಿದದ್ದೂ ಅಷ್ಟೇ. ಸಾಲದ್ದಕ್ಕೆ ನಾನು ಕಾಲರ್ ಏರಿಸಿದ್ದರಿಂದ ಶಾಕ್ ಎಳೆದುಕೊಂಡು ತನ್ನ ಉದ್ದದ ತುದಿಗೇ ಬಂದು ನಿಂತಿತ್ತು. ಚಕ್ರಕ್ಕೆ ಇಳಿಯಲು ಜಾಗವೇ ಇಲ್ಲ. ಗುಂಡಿಯಲ್ಲಿ ಚಕ್ರ ನೇತಾಡುತ್ತಿತ್ತು, ಕಾರು ಬೀಳುತ್ತಿತ್ತು. ಅಲ್ಲೇ ಕೂತು ನನಗೆ ನಾನೇ ಬೈದುಕೊಂಡೆ.

ಮರುದಿನ ಗುಜರಿ ಅಂಗಡಿಗಳನ್ನು ಜಾಲಾಡಿದೆ. ಅದೇ ಜಾತಿಯ ಕಾರಿನ ಹಿಂದಿನ ಸ್ಪ್ರಿಂಗು ಒಂದು ಜೊತೆ ಸಿಕ್ಕಿತು, ಮುಂದಿನದು ಸಿಗಲಿಲ್ಲ. ಇರಲಿ, ಪೆಟ್ಟಿಗೆ ಹಿಂದೆ ತಾನೆ ಇರುವುದು ಎಂದು ಹಿಂದಕ್ಕಷ್ಟೇ ಹಾಕಿದೆ. ಮುಂದೆ ಗಟ್ಟಿ, ಹಿಂದೆ ಮೆತ್ತಗೆ. ಈ ಸಲ ಬೇರೆ ಎರಿ ಹಾಕಿದ ಪರೀಕ್ಷೆಯ ಪೆಟ್ಟಿಗೆಯೊಡನೆ ನಾನೇ ಡಿಕ್ಕಿಯಲ್ಲಿ ಕೂತೆ, ಅಕ್ಕ ಯಲ್ಲಾಪುರ ದಾಟಿಸಿ ಅರಬೈಲ್ ಘಟ್ಟದವರೆಗೂ ಓಡಿಸಿದರು. ಟಕ್ ಎನ್ನುವ ಸದ್ದು ಹೋಯಿತು. ಬದಲಿಗೆ ಕಾರು ಹಿಂದೆ ಮುಂದೆ ತೂಗತೊಡಗಿತು. ಮುಂಭಾಗ ಉಬ್ಬನ್ನು ಒದ್ದು ದಾಟುತ್ತಿತ್ತು, ಹಿಂಭಾಗ ನಿಧಾನವಾಗಿ ಎದ್ದು ಇನ್ನೂ ನಿಧಾನವಾಗಿ ಕೂರುತ್ತಿತ್ತು. ಗಟ್ಟಿ ಸ್ಪ್ರಿಂಗಿಗೆಂದು ಮಾಡಿದ ಶಾಕ್ ಅಷ್ಟು ಬಿಗಿಯಾಗಿ ಹಿಡಿಯುತ್ತಿದ್ದುದರಿಂದ ಮೆತ್ತಗಿನ ಸ್ಪ್ರಿಂಗಿಗೆ ಎರಡು ಗುಂಡಿಗಳ ನಡುವೆ ಪೂರ್ತಿ ಹಿಗ್ಗಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಹೀಗೆ ಒಂದಾದ ಮೇಲೊಂದು ಗುಂಡಿ ಬಂದರೆ ಹಿಂಭಾಗ ಕುಸಿಯುತ್ತಲೇ ಹೋಗುತ್ತಿತ್ತು.

ಆದರೂ ಎರಿ ಉಳಿದವು, ಘಟ್ಟದ ನೆತ್ತಿಯವರೆಗೆ. ಇಳಿಜಾರಿನ ತಿರುವುಗಳು ಶುರುವಾದವು ನೋಡಿ, ಕಾರು ಒಂದೊಂದು ಮಗ್ಗುಲಿಗೂ ವಾಲಿತು. ಅಕ್ಕ ಪೆಟ್ಟಿಗೆಗಳನ್ನು ಚೌಕಟ್ಟು ಕಾರಿನ ಉದ್ದಕ್ಕೆ ಬರುವಂತೆ ಇಡುತ್ತಾರೆ. ಬ್ರೇಕ್ ಹಾಕಿದಾಗ ಎರಿ ತೂಗದಿರಲಿ ಎಂದು. ಆದರೆ ಕಾರು ಮಗ್ಗುಲಿಗೆ ವಾಲಿದರೆ ಎರಿಗಳು ಒಂದಕ್ಕೊಂದು ತಾಗುತ್ತವೆ, ನಡುವಿನ ಹುಳಗಳು ಅರೆದುಹೋಗುತ್ತವೆ. ಕೆಳಗಿಳಿದು ಮುಚ್ಚಳ ತೆಗೆದರೆ ಎರಡು ಎರಿಗಳ ಮೈ ಉಜ್ಜಿ ಸವೆದುಹೋಗಿತ್ತು.

ಅತ್ತ ದರಿ, ಇತ್ತ ಪುಲಿ. ಗಟ್ಟಿ ಮಾಡಿದರೆ ಗುಂಡಿ ಕೊಲ್ಲುತ್ತದೆ, ಮೆತ್ತಗೆ ಮಾಡಿದರೆ ತಿರುವು ಕೊಲ್ಲುತ್ತದೆ.

ಆ ವಾರ ನಾನು ಬೇರೆ ಯಾರ ಗಾಡಿಯನ್ನೂ ನೆಟ್ಟಗೆ ನೋಡಲಿಲ್ಲ. ಬೆಳಗಾದರೆ ಅಕ್ಕನ ಫೋನು.

"ಪರಾಗ ತಪ್ಪದು ಕಮ್ಮಿ ಆಜು ತಮಾ," ಎಂದು ಒಂದು ದಿನ ಹೇಳಿದರು.

ಪರಾಗ ತರುವುದು ಕಡಿಮೆಯಾದರೆ ಏನಾಯಿತು ಎಂದು ಕೇಳಿದೆ. ಒಳಗೆ ರಾಣಿ ಮೊಟ್ಟೆ ಇಡುತ್ತಿದ್ದರೆ ಮರಿಗಳಿಗೆಂದು ಹುಳಗಳು ಹೂವಿನ ಪರಾಗವನ್ನು ಕಾಲಿಗೆ ಮೆತ್ತಿಕೊಂಡು ತರುತ್ತವಂತೆ. ಗೂಡು ಬಿಡುವ ಮನಸ್ಸಾದರೆ, ಇಲ್ಲವೇ ರಾಣಿ ಇಲ್ಲದಿದ್ದರೆ, ತರುವುದು ನಿಲ್ಲಿಸುತ್ತವಂತೆ. ಸಕ್ಕರೆ ನೀರು ಇಟ್ಟು ಹೇಗೋ ತಡೆದಿದ್ದೇನೆ, ಆದರೆ ಹೆಚ್ಚು ದಿನ ತಡೆಯಲಾಗದು ಎಂದರು. ಫೋನಿಟ್ಟು ಕಾರಿನ ಸುತ್ತ ಸುತ್ತಿದೆ, ಸುಮ್ಮನೆ ಅದನ್ನು ಅದುಮಿ ಅದುಮಿ ನೋಡಿದೆ.

ಕೊನೆಗೆ ಹುಬ್ಬಳ್ಳಿಯಲ್ಲಿ ಇಂಥ ಸ್ಪ್ರಿಂಗುಗಳನ್ನೇ ಮಾರುವ ಅಂಗಡಿಯವನಿಗೆ ಫೋನ್ ಮಾಡಿದೆ. ಈಗಿರುವುದರ ಅರ್ಧದಷ್ಟು ಮೆತ್ತಗಿನದು ಮುಂದಕ್ಕೂ ಹಿಂದಕ್ಕೂ ಬೇಕು ಎಂದೆ.

"ಎಲ್ಲಾರೂ ಗಟ್ಟಿ ಕೇಳ್ತಾರ, ನೀವು ಮೆತ್ತಗಿಂದು ಕೇಳ್ತೀರಲ್ರಿ! ಏನ್ ಹೇರ್ತೀರಿ ಅದರಾಗ?"

"ಜೇನುಹುಳ."

"ಏನ್ರೀ?" ಎಂದು ನಕ್ಕು, ಆಮೇಲೆ ಗಂಭೀರವಾಗಿ ಹೇಳಿದ, "ಉದ್ದಂದು ಹಾಕ್ರಿ ಮತ್ತ. ಮೆತ್ತಗಿಂದು ಗಿಡ್ಡ ಇದ್ರ ಗಾಡಿ ಕುಂತ್ಬಿಡ್ತೈತಿ. ಶಾಕಿನ ತುದ್ಯಾಗ ಬಿಗಿ ಹೆಚ್ಚುಕಮ್ಮಿ ಮಾಡೂ ತಿರುವಣಿ ಐತಿ ನೋಡ್ರಿ, ಅದನ್ನೂ ಸಡ್ಲ ಮಾಡ್ರಿ."

ಸ್ಪ್ರಿಂಗು ಬಸ್ಸಿನಲ್ಲಿ ಬಂತು. ಬರುವವರೆಗೆ ನಾನು ಒಂದೇ ಪ್ರಶ್ನೆಯ ಹಿಂದೆ ಬಿದ್ದಿದ್ದೆ. ಗುಂಡಿಗೂ ಒದಗಬೇಕು, ಘಟ್ಟದಲ್ಲೂ ವಾಲಬಾರದು, ಅಂಥ ಹದ ಯಾವುದು? ಪಾರ್ಸೆಲ್ ಬಿಚ್ಚಿ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದಾಗ ಹೊಳೆಯಿತು, ನಾನು ಹುಡುಕುತ್ತಿದ್ದದ್ದು ನನ್ನ ವೇಗಕ್ಕೆ ಹದ. ಘಟ್ಟವನ್ನು ನಾನು ಇಳಿಯುವ ಹಾಗೆ ಇಳಿಯಬೇಕು ಎಂಬ ಹಟ. ಗುಂಡಿ ರಸ್ತೆಯಲ್ಲಿದೆ, ಅದನ್ನು ಯಾರೂ ಸಣ್ಣದು ಮಾಡಲಾರರು. ತಿರುವಿನ ವಾಲಾಟ ಮಾತ್ರ ವೇಗದಿಂದ ಬರುವಂಥದ್ದು, ಅದು ಓಡಿಸುವವರ ಕಾಲಿನಲ್ಲಿದೆ. ಸ್ಪ್ರಿಂಗನ್ನು ಗುಂಡಿಗೆ ಬಿಟ್ಟುಕೊಡುವುದು, ತಿರುವನ್ನು ಕಾಲಿಗೆ ಬಿಡುವುದು ಎಂದು ನಿರ್ಧರಿಸಿದೆ.

ಆಮೇಲೆ ಕೆಲಸ ಸರಾಗವಾಯಿತು. ನಾಲ್ಕೂ ಸ್ಪ್ರಿಂಗು ಬದಲಿಸಿದೆ. ಕಾಲರನ್ನು ಇಳಿಸಿ, ಶಾಕಿನ ದಂಡ ನಡುಮಟ್ಟದಲ್ಲಿ ನಿಲ್ಲುವಂತೆ ಎತ್ತರ ಇಟ್ಟೆ, ಚಕ್ರಕ್ಕೆ ಮೇಲೂ ಜಾಗ, ಕೆಳಗೂ ಜಾಗ. ತಿರುವಣಿಗಳನ್ನು ಸಡಿಲಿಸಿ ಕಾರಿನ ಮೂಲೆಗಳನ್ನು ಅದುಮಿ ಬಿಟ್ಟೆ. ಒಮ್ಮೆ ಎದ್ದು ಸುಮ್ಮನಾಗಬೇಕು, ಎರಡನೇ ಸಲ ತೂಗಬಾರದು. ಎತ್ತರ ಬದಲಾದರೆ ಚಕ್ರದ ನೇರವೂ ತಪ್ಪುತ್ತದೆ, ದಾರ ಕಟ್ಟಿ ಅದನ್ನೂ ಸರಿಮಾಡಿದೆ. ಕೊನೆಗೆ ಹಿಂದಿನ ಸೀಟನ್ನೇ ಕಿತ್ತೆ. ಚಕ್ರದ ಮೇಲೆ ಕೂತವನಿಗೆ ಎಷ್ಟು ಕುಟ್ಟುತ್ತದೆ ಎಂದು ನನ್ನ ನಾಲಗೆಗೆ ಗೊತ್ತಿತ್ತು. ಪೆಟ್ಟಿಗೆಗಳು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಕಾರು ಅತಿ ಕಡಿಮೆ ಅಲುಗುವಲ್ಲಿ ಬರಬೇಕಿತ್ತು.

ಆ ಜಾಗದಲ್ಲಿ ಮೂರೇ ಹಿಡಿದವು.

"ನಾಲ್ಕನೇದು?" ಎಂದೆ. ಸರಿಮಾಡಿದ ಕಾರನ್ನು ಮನೆಗೊಯ್ದು, ಹಿಂದಿನ ಸಂಜೆ ಹುಳಗಳು ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಗಿಲಿಗೆ ತಂತಿಯ ಜಾಳಿಗೆ ಬಡಿದು, ಬೆಳಗಿನ ಜಾವ ಬಿಳಗಿಯಿಂದ ಹೊರಟು ಅಕ್ಕ ಶಿರಸಿಗೆ ಬಂದಿದ್ದರು. ನಾಲ್ಕನೆಯ ಪೆಟ್ಟಿಗೆ ಅವರ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿತ್ತು. ಎಲ್ಲಕ್ಕಿಂತ ಬಡವಾದ ಕುಟುಂಬ ಅದು.

"ಘಟ್ಟದಲ್ಲಿ ಬೆಲ್ಟು ಸಾಕಾಗ್ತಿಲ್ಲೆ. ನೀ ಕೂತ್ಗ, ತೊಡೆ ಮೇಲೆ ಇಟ್ಗ," ಎಂದರು. "ಎಂತ ಆಗ್ತಿಲ್ಲೆ."

ಬೆಲ್ಟ್ ಬಿಚ್ಚಿ ಪೆಟ್ಟಿಗೆ ಎತ್ತಿಕೊಂಡು ಕೂತೆ. ಹಲಗೆಯ ಆಚೆ ಸಾವಿರಾರು ಹುಳಗಳು, ಈಚೆ ನನ್ನ ತೊಡೆ. ಪೆಟ್ಟಿಗೆ ಬೆಚ್ಚಗಿತ್ತು. ಗುಂಯ್ ಎಂಬ ಸದ್ದು ಮೂಳೆಗೇ ಹತ್ತುತ್ತಿತ್ತು. ಶಿರಸಿಯಿಂದ ಯಲ್ಲಾಪುರದವರೆಗೆ ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಅವುಚಿ ಹಿಡಿದಿದ್ದೆ. ಗುಂಡಿಗಳು ಬಂದವು, ಹೋದವು. ಕಾರು ಅವುಗಳ ಮೇಲೆ ದೋಣಿಯಂತೆ ಹಾಯಿತು, ಸದ್ದು ಏರಲಿಲ್ಲ. ನನ್ನ ಕೆಲಸದ ಬಗ್ಗೆ ಒಂದಿಷ್ಟು ಹೆಮ್ಮೆ ಮೂಡಿತ್ತು, ಭಯದ ನಡುವೆಯೂ.

ಘಟ್ಟದ ನೆತ್ತಿಗೆ ಬರುವಾಗ ಬೆಳಕಾಗಿತ್ತು. ಮೊದಲ ತಿರುವಿನಲ್ಲಿ ಕಾರು ವಾಲಿತು, ತೊಡೆಯ ಮೇಲಿನ ಸದ್ದು ಒಮ್ಮೆಲೇ ಏರಿ ಸಿಟ್ಟಿನ ದನಿಯಾಯಿತು.

"ನಿಧಾನ ಅಕ್ಕಾ!"

ಎರಡನೇ ತಿರುವಿಗೆ ಅಕ್ಕ ನಡೆಯುವವನ ವೇಗಕ್ಕೆ ಇಳಿಸಿದರು. ಸದ್ದು ಏರಲಿಲ್ಲ. ಆಮೇಲೆ ತಿರುವು ಬಂದಾಗಲೆಲ್ಲ ನಾನು ತೊಡೆಯಿಂದ ಕೇಳಿಸಿಕೊಳ್ಳುವುದು, ಏರಿದರೆ ಕೂಗುವುದು, ಅವರು ಕಾಲು ತೆಗೆಯುವುದು. ಹಿಂದೆ ಲಾರಿಗಳ ಸಾಲು ಬೆಳೆಯಿತು. ಒಬ್ಬ ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಇಂಥವರ ಹಿಂದೆ ಸಿಕ್ಕಿದಾಗ ನಾನೂ ಹಾಗೇ ಹಾರ್ನ್ ಬಾರಿಸುವವನೇ. ಜಾಗ ಸಿಕ್ಕಿದೊಡನೆ ಪಕ್ಕಕ್ಕೆ ಬಂದು ಏನೋ ಬೈಯಲು ತಲೆ ಹೊರಹಾಕಿದ ಆ ಲಾರಿಯವ, ನನ್ನ ತೊಡೆಯ ಮೇಲಿನ ಪೆಟ್ಟಿಗೆಯ ಜಾಳಿಗೆಯಲ್ಲಿ ಮುತ್ತಿದ್ದ ಹುಳ ಕಂಡು ಗಾಜು ಏರಿಸಿಕೊಂಡು ಹೋದ. ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ. ಬಿಸಿಲೇರಿದರೆ ಮುಚ್ಚಿದ ಪೆಟ್ಟಿಗೆಯೊಳಗೆ ಮೇಣ ಮೆತ್ತಗಾಗುತ್ತದೆ, ಬೇಗ ಹೋಗಬೇಕು, ಬೇಗ ಹೋಗುವಂತಿಲ್ಲ. ಆ ಇಳಿಜಾರು ಮುಗಿಯುವುದೇ ಇಲ್ಲವೇನೋ ಅನ್ನಿಸಿತು.

ಕೆಳಗೆ ನೇರಳೆ ಮರಗಳ ನೆರಳಿನಲ್ಲಿ ಪೆಟ್ಟಿಗೆಗಳನ್ನು ಇಳಿಸಿ ಜಾಳಿಗೆ ತೆಗೆದೆವು. ಮುಚ್ಚಳ ತೆರೆದು ನೋಡೋಣ ಎಂದೆ. ಅಕ್ಕ ಬಿಡಲಿಲ್ಲ. ದಣಿದ ಹುಳಗಳನ್ನು ಈಗ ಕೆದಕಿದರೆ ಎದ್ದು ಹೋಗುತ್ತವೆ, ಒಳಗೇನಾಗಿದೆ ಎಂದು ಬಾಗಿಲಲ್ಲೇ ಗೊತ್ತಾಗುತ್ತದೆ, ಕಾಯಬೇಕು ಎಂದರು. ಕಾಯುವುದು! ನಾನು ಕೂತೆ, ಎದ್ದೆ, ಕಾರಿನ ಚಕ್ರ ಒದ್ದು ಬಂದೆ. ಗ್ಯಾರೇಜಿನಿಂದ ಫೋನು ಬರುತ್ತಲೇ ಇತ್ತು, ಕೊನೆಗೆ ಆರಿಸಿಟ್ಟೆ.

ಹುಳಗಳು ಒಂದೊಂದಾಗಿ ಹೊರಬಂದು, ಪೆಟ್ಟಿಗೆಯ ಕಡೆಗೇ ಮುಖಮಾಡಿ ಹಾರುತ್ತ ಜಾಗ ಗುರುತು ಮಾಡಿಕೊಂಡವು. ಬಿಸಿಲು ಮರದ ಬುಡಕ್ಕೆ ಬರುವ ಹೊತ್ತಿಗೆ ಮೊದಲ ಪೆಟ್ಟಿಗೆಗೆ ಪರಾಗ ಬಂತು. ಹಿಂಗಾಲಿನಲ್ಲಿ ಮಸುಕು ಹಳದಿಯ ಸಣ್ಣ ಉಂಡೆ. ನಂತರ ಎರಡನೆಯದಕ್ಕೆ, ಮೂರನೆಯದಕ್ಕೆ. ನನ್ನ ತೊಡೆಯ ಮೇಲೆ ಬಂದದ್ದಕ್ಕೆ ಮಾತ್ರ ಇಲ್ಲ. ಹೋದ ಹುಳಗಳು ಬರಿಗಾಲಲ್ಲಿ ಬಂದು ಒಳಹೋಗುತ್ತಿದ್ದವು.

"ನೀ ಹೋಗು ತಮಾ, ನಿಂಗೆ ಕೆಲ್ಸ ಇದ್ದು," ಎಂದರು ಅಕ್ಕ. ನನ್ನತ್ತ ನೋಡಲಿಲ್ಲ. ಬೆಳಗಿನಿಂದ ಗಟ್ಟಿಯಾಗಿದ್ದ ದನಿ ಬಿರಿದಿತ್ತು. "ರಾಣಿ ಆ ಮೊದ್ಲ ತಿರುವಲ್ಲೇ ಸಿಕ್ಕಿ ಸತ್ತಿಕ್ಕು. ಆನೇ ಸ್ವಲ್ಪ ಜೋರು ಹೋದಿ."

ನಾನು ಹೋಗಲಿಲ್ಲ. ಭಯ ಮರೆತು ಆ ಪೆಟ್ಟಿಗೆಯ ಬಾಗಿಲ ಪಕ್ಕದಲ್ಲೇ, ಕೈಯಳತೆಯಲ್ಲಿ, ಕುಕ್ಕರಗಾಲಲ್ಲಿ ಕೂತೆ. ಹುಳಗಳು ಕಿವಿಯ ಹತ್ತಿರದಿಂದಲೇ ಹೋಗುತ್ತಿದ್ದವು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಬಿಸಿಲು ಕುತ್ತಿಗೆ ಸುಡತೊಡಗಿತ್ತು. ಒಂದು ಹುಳ ಭಾರಕ್ಕೆ ಬಾಗಿಲು ತಪ್ಪಿ ಕೆಳಗಿನ ಎಲೆಯ ಮೇಲೆ ಬಿತ್ತು. ತಡವರಿಸಿ ಎದ್ದು ಮತ್ತೆ ಹಾರಿ ಬಾಗಿಲ ಹಲಗೆಗೆ ಬಂತು. ಎರಡೂ ಹಿಂಗಾಲಲ್ಲಿ ಹಳದಿ.

ನಾನು ಬೆರಳು ಮಾಡಿ ತೋರಿಸಿದೆ. ಅಕ್ಕ ನನ್ನ ಭುಜ ಹಿಡಿದು ಬಗ್ಗಿ ನೋಡಿದರು. ಅದು ಒಳಹೋಯಿತು. ಅದರ ಹಿಂದೆ ಇನ್ನೊಂದು ಬಂತು, ಅದಕ್ಕೂ ಹಳದಿ. ಅಕ್ಕ ಅಲ್ಲೇ ತರಗೆಲೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ರಾಣಿ ಇದ್ದು," ಎಂದರು.